ಶನಿವಾರದ ಭಾಂಡೆ ತಾಸು

ಪಾತ್ರೆ ಅಂಗಡಿ ಇಟ್ಟವನು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಚೀಲ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬರುತ್ತವೆ. ಸವಣೂರಿನ ಪೇಟೆಯಲ್ಲಿ ಮೂವತ್ತು ವರ್ಷದಿಂದ ಭಾಂಡೆ ಮಾರುತ್ತಿದ್ದೇನೆ. ಹಾನಗಲ್ಲ, ಶಿಗ್ಗಾಂವಿ, ಹಿರೇಕೆರೂರ ಕಡೆಯ ಲಗ್ನಗಳಿಗೂ ನನ್ನಲ್ಲಿಂದಲೇ ಕೊಡ, ಪರಾತ, ಬೋಗಾಣಿ ಹೋಗಿವೆ. ಯಾವ ಮನೆಯಲ್ಲಿ ಅಣ್ಣತಮ್ಮಂದಿರು ಬೇರೆಯಾದರು ಎನ್ನುವುದು ಊರಿಗಿಂತ ಎರಡು ದಿನ ಮೊದಲು ನನಗೆ ಗೊತ್ತಾಗುತ್ತದೆ, ಯಾಕೆಂದರೆ ಬೇರೆ ಒಲೆಗೆ ಬೇರೆ ಕುಕ್ಕರ ಬೇಕು.

ಆದರೆ ಈಗ ಬರೆಯುತ್ತಿರುವುದು ಅಂಗಡಿಯಲ್ಲಿ ನಡೆದದ್ದಲ್ಲ, ಶಾಲೆಯಲ್ಲಿ ನಡೆದದ್ದು. ನಮ್ಮ ಓಣಿಯ ಶಾಲೆಯ ಮೇಲುಸ್ತುವಾರಿ ಸಮಿತಿಗೆ ನಾನು ಅಧ್ಯಕ್ಷ. ಆರಿಸುವ ಸಭೆಗೆ ಬಂದವರೆಲ್ಲ ಬಾಗಿಲಲ್ಲಿ ನಿಂತಿದ್ದರು, ಕುರ್ಚಿಯ ಮೇಲೆ ಕೂತವನು ನಾನೊಬ್ಬನೇ. ಹಾಗೆ ಅಧ್ಯಕ್ಷನಾದೆ.

೧. ಉತ್ತರಕ್ಕೆ ಹಿಮಾಲಯ

ಕಲಿಸುವ ಹೆಣ್ಣುಮಗಳಿಗೆ ನಮ್ಮ ಕಡೆ ಅಕ್ಕೋರು ಎನ್ನುತ್ತೇವೆ. ಸಮಾಜ ವಿಜ್ಞಾನದ ಅಕ್ಕೋರು ಹಾನಗಲ್ಲಿನಿಂದ ದಿನಾ ಬಸ್ಸಿಗೆ ಬರುವವರು. ಸಣ್ಣ ಆಳು, ದೊಡ್ಡ ಹಟ. ಎಂಟನೇ ತರಗತಿಗೆ ಶನಿವಾರದ ಕೊನೆಯ ತಾಸು ತಮಗೆ ಬೇಕೆಂದು ಹೆಡ್ ಮಾಸ್ತರ ಹತ್ತಿರ ಮೂರು ತಿಂಗಳು ಕೇಳಿ ಕೇಳಿ ಇಸಿದುಕೊಂಡಿದ್ದರು.

"ಏನ್ ಕಲಸತೀರಿ ಆ ತಾಸಿನ್ಯಾಗ?" ಎಂದೆ.

"ಕಲಸೂದಿಲ್ರಿ ಸಾವಕಾರ್ರ. ಅವರ ಹೇಳಬೇಕು. ಒಂದ ಬೆಂಚಿನ ಮ್ಯಾಲ ಮೂರು ವರ್ಷ ಕುಂತಾರ. ಬಾಜೂಕ ಕುಂತಾವನ ಮನ್ಯಾಗ ಯಾವ ಮಾತು ಆಡತಾರ, ಅವರ ಅಜ್ಜ ಎಲ್ಲಿಂದ ಬಂದ, ಯಾವ ಹಬ್ಬಕ್ಕ ಏನ್ ಮಾಡತಾರ, ಒಬ್ಬರಿಗೂ ಗೊತ್ತಿಲ್ಲ. ನಲವತ್ತು ಹುಡುಗ್ರು, ಕನ್ನಡ, ಉರ್ದು, ಮರಾಠಿ, ಲಂಬಾಣಿ, ಎಲ್ಲಾ ಐತಿ. ಗೊತ್ತಾಗಬೇಕೋ ಬ್ಯಾಡೋ?"

ಗೊತ್ತಾಗಬೇಕು. ಗಿರಾಕಿ ಯಾರು ಅಂತ ಗೊತ್ತಿಲ್ಲದೆ ನಾನೂ ಮೂವತ್ತು ವರ್ಷ ಅಂಗಡಿ ನಡೆಸಲು ಆಗುತ್ತಿರಲಿಲ್ಲ.

ಮೊದಲ ಶನಿವಾರ 'ನಾನು ಮತ್ತು ನಮ್ಮ ಮನೆ' ಅಂತ ಒಂದು ಪುಟ ಬರೆಯಲು ಹೇಳಿದರಂತೆ. ನಲವತ್ತೂ ಹುಡುಗರು ಗೈಡಿನಲ್ಲಿದ್ದ 'ನಮ್ಮ ದೇಶ' ಪ್ರಬಂಧವನ್ನೇ ಇಳಿಸಿದ್ದರು. ಒಬ್ಬ ಮಾತ್ರ ಸ್ವಲ್ಪ ಬುದ್ಧಿ ಓಡಿಸಿ, ದೇಶ ಅಂತ ಇದ್ದಲ್ಲೆಲ್ಲ ಮನೆ ಅಂತ ಹಾಕಿದ್ದ. ಅಕ್ಕೋರು ಆ ಹಾಳೆ ತಂದು ನನಗೆ ತೋರಿಸಿದರು. 'ನಮ್ಮ ಮನೆಯಲ್ಲಿ ಹಲವು ಧರ್ಮಗಳೂ ನೂರಾರು ಭಾಷೆಗಳೂ ಇವೆ. ನಮ್ಮ ಮನೆಯ ಮೂರು ಕಡೆ ಸಮುದ್ರವಿದೆ. ಉತ್ತರಕ್ಕೆ ಹಿಮಾಲಯ ಪರ್ವತವಿದೆ.'

ಅವನನ್ನು ನಿಲ್ಲಿಸಿ ಕೇಳಿದರಂತೆ: "ಖರೇನ ಹೇಳು, ನಿಮ್ಮ ಮನಿ ಉತ್ತರಕ್ಕ ಏನೈತಿ?"

"ನಮ್ಮ ಕಾಕಾನ ಮನಿರಿ."

"ಮತ್ತ ಹಂಗ ಬರಿಬೇಕಿಲ್ಲೋ."

"ಬರಿಬಹುದಿತ್ರಿ. ಆದ್ರ ಆ ಕಡೆ ನಾವು ಹೋಗಂಗಿಲ್ಲ, ಈ ಕಡೆ ಅವರು ಬರಂಗಿಲ್ಲ. ಹಿಮಾಲಯ ಇದ್ರೂ ನಡೀತೈತಿ ಅಂತ ಬಿಟ್ಟೇನ್ರಿ."

ಅಕ್ಕೋರು ಆ ಒಂದು ಸಾಲಿಗೆ ಪೂರ್ಣ ಅಂಕ ಕೊಟ್ಟರು.

೨. ಹೆಸರು ಹಾಕುವ ಚಾಚಾ

ಬರೆಸಿದರೆ ಗೈಡೇ ಹೊರಬೀಳುತ್ತದೆ ಎಂದು ಗೊತ್ತಾದ ಮೇಲೆ ಅಕ್ಕೋರು ಬೇರೆ ದಾರಿ ಹುಡುಕುತ್ತಿದ್ದರು. ಒಂದು ದಿನ ಊಟದ ಡಬ್ಬಿ ಕೊಳ್ಳಲು ಅಂಗಡಿಗೆ ಬಂದರು. ನಮ್ಮ ಮೆಟ್ಟಿಲ ಮೇಲೆ ಒಬ್ಬ ಚಾಚಾ ಕೂತಿರುತ್ತಾರೆ. ಕೊಂಡ ಭಾಂಡೆಯ ಮೇಲೆ ಸಣ್ಣ ಉಳಿ ಇಟ್ಟು, ಚುಕ್ಕೆ ಚುಕ್ಕೆ ಹೊಡೆದು ಹೆಸರು ಹಾಕುವುದು ಅವರ ಕಸುಬು. ಕನ್ನಡ, ಉರ್ದು, ಮರಾಠಿ, ಮೂರೂ ಅಕ್ಷರ ಅವರ ಕೈಯಲ್ಲಿ ಒಂದೇ ವೇಗದಲ್ಲಿ ಬರುತ್ತವೆ. ಲಗ್ನದಲ್ಲಿ ಭಾಂಡೆ ಆಯೇರ ಮಾಡುವವರು, ಅಂದರೆ ಉಡುಗೊರೆ ಕೊಡುವವರು, ಹೆಸರು ಹಾಕಿಸದೆ ಕೊಟ್ಟರೆ ನಮ್ಮಲ್ಲಿ ಕೊಟ್ಟಂತೆಯೇ ಅಲ್ಲ.

ಅಕ್ಕೋರು ನೋಡುತ್ತ ನಿಂತರು. ತಮ್ಮ ಮನೆಯ ಕೊಡದ ಮೇಲೆ ಯಾರದೋ ಹೆಸರಿದ್ದದ್ದು ನೆನಪಾಯಿತಂತೆ.

"ಚಾಚಾ, ಒಂದೊಂದು ಮನ್ಯಾಗ ಎಷ್ಟು ಮಂದಿ ಹೆಸರಿನ ಭಾಂಡೆ ಇರಬಹುದು?"

"ಅವರ ಹೆಸರಿಂದು ಬಿಟ್ಟು ಎಲ್ಲಾರದ್ದೂ ಇರತಾವ್ರಿ ಅಕ್ಕೋರ."

ಅಲ್ಲೇ ತೀರ್ಮಾನವಾಯಿತು. ಬರುವ ಶನಿವಾರ ಪ್ರತಿ ಹುಡುಗ ಮನೆಯಿಂದ ಹೆಸರಿರುವ ಒಂದು ಭಾಂಡೆ ತರಬೇಕು. ಮೂರು ಪ್ರಶ್ನೆಗೆ ಉತ್ತರ ತರಬೇಕು. ಇದು ಯಾರದು? ನಿಮ್ಮ ಮನೆಗೆ ಹೆಂಗ ಬಂತು? ಅವರು ನಿಮಗೆ ಏನಾಗಬೇಕು?

ಹೆಡ್ ಮಾಸ್ತರಿಗೆ ಇದು ಸೇರಲಿಲ್ಲ. ಅವರು ಗಣಿತದವರು, ಆ ತಾಸಿನ ಮೇಲೆ ಮೊದಲಿನಿಂದ ಅವರ ಕಣ್ಣು. ನನ್ನನ್ನು ಸಾಕ್ಷಿಗೆ ಕೂಡಿಸಿಕೊಂಡು ಷರತ್ತು ಹಾಕಿದರು.

"ಅಕ್ಕೋರ, ಮನಿ ವಿಷಯ ಸಾಲಿಗೆ ತಂದ್ರ ಜಗಳ ಆಗತಾವ. ಒಬ್ಬ ಹೆಣ್ಣುಮಗಳು ಜಗಳಕ್ಕ ಅಂತ ಈ ಗೇಟಿನೊಳಗ ಬಂದ್ಲಂದ್ರ, ಆ ತಾಸು ಗಣಿತಕ್ಕ. ಆಮ್ಯಾಲ ಕೇಳಬ್ಯಾಡ್ರಿ."

"ಒಬ್ಬರೂ ಬರೂದಿಲ್ರಿ ಸರ್," ಎಂದರು ಅಕ್ಕೋರು, ಕಣ್ಣು ಕೂಡ ಮಿಟುಕಿಸದೆ.

ಬಂದೇ ಬರುತ್ತಾರೆ ಎಂದು ನನಗೆ ಒಳಗೇ ಗೊತ್ತಿತ್ತು. ಆದರೂ ಅಕ್ಕೋರ ಮುಖ ನೋಡಿ, ಸಮಿತಿಯವನಾಗಿ ಅವರ ಬೆನ್ನಿಗೆ ನಿಲ್ಲುವುದು ಅಂತ ಅವತ್ತೇ ಮನಸ್ಸು ಮಾಡಿದೆ. ಅಂಗಡಿಗೆ ಬಂದು ಚಾಚಾಗೆ ವಿಷಯ ಹೇಳಿದೆ. ಚಾಚಾ ಉಳಿ, ಸುತ್ತಿಗೆ ಎರಡನ್ನೂ ಅರಿವೆಯಲ್ಲಿ ಸುತ್ತಿಟ್ಟರು.

"ಶನಿವಾರ ನಾ ಹುಲಗೂರಿಗೆ ಹೋಗತೇನ್ರಿ ಸಾವಕಾರ್ರ. ಹೆಸರು ಹಾಕಿದಾವ ನಾ. ಊರಾಗ ಇರೂದು ಚಲೋ ಅಲ್ಲ."

೩. ಅಜ್ಜನ ಕಾಲದಿಂದ ನಮ್ಮದ

ಈ ಮೊದಲ ಭಾಂಡೆ ತಾಸಿಗೆ ನಾನೂ ಹೋಗಿದ್ದೆ. ಬೆಂಚುಗಳ ಮೇಲೆ ಚರಗಿ, ಗಂಗಾಳ, ಬೋಗಾಣಿ, ಸೌಟು. ನನ್ನ ಅಂಗಡಿಯೇ ಮುದಿಯಾಗಿ ಶಾಲೆಗೆ ಬಂದು ಕೂತಂತಿತ್ತು. ಯಾವುದನ್ನು ಯಾವಾಗ ಮಾರಿದೆ ಎಂದು ಅರ್ಧಕ್ಕೆ ನಾನೇ ಹೇಳಬಲ್ಲವನಾಗಿದ್ದೆ.

ಒಬ್ಬ ಮುಸಲ್ಮಾನರ ಹುಡುಗಿ ದೊಡ್ಡ ಪರಾತ, ಅಂದರೆ ಅಂಚಿರುವ ಅಗಲ ತಟ್ಟೆ, ತಂದಿದ್ದಳು. "ಇದು ನಮ್ಮ ಮನೀದ್ರಿ. ಪ್ರತಿ ರಂಜಾನಿಗೆ ಇದರಾಗ ಹಾಲು ಶಾವಿಗಿ ಸುರಕುಂಬಾ ಇಟ್ಟು ಓಣಿಗೆಲ್ಲಾ ಹಂಚತೇವಿ. ನಮ್ಮ ದಾದಾನ ಕಾಲದಿಂದ ನಮ್ಮದ."

"ಹೆಸರು ಓದು," ಎಂದರು ಅಕ್ಕೋರು.

ಅವಳು ತಿರುಗಿಸಿ ಓದಿದಳು. ಓಣಿಯ ಗಣಪತಿ ಕೂಡ್ರಿಸುವ ಮಂಡಳಿಯ ಹೆಸರಿತ್ತು.

ಹಿಂದಿನ ಬೆಂಚಿನಿಂದ ಒಬ್ಬ ಲಿಂಗಾಯತರ ಹುಡುಗ ನಕ್ಕ. ಅವನೇ ಗಣಪತಿ ಮಂಡಳಿಯ ಮುಖ್ಯಸ್ಥನ ಮಗ. ಅಕ್ಕೋರು ಅವನನ್ನೇ ಎಬ್ಬಿಸಿದರು. ಅವನ ಕೈಯಲ್ಲಿ ಮೂವತ್ತು ಜನರ ಸಾರು ಹಿಡಿಯುವ ಭಗೋಣಿ. "ಇದು ನಮ್ಮದ ಅಕ್ಕೋರ. ಗಣಪತಿಗೆ ಗುಗ್ಗರಿ ಇದರಾಗನ ಕುದಸೂದು. ಅಜ್ಜನ ಕಾಲದಿಂದ ನಮ್ಮದ."

"ಓದು."

ಅದರ ಮೇಲೆ ಉರ್ದು ಅಕ್ಷರ. ಅವನಿಗೆ ಬರುವುದಿಲ್ಲ. ಪರಾತ ಹಿಡಿದ ಹುಡುಗಿಯೇ ಎದ್ದು ಬಂದು ಓದಿದಳು: "ಇದು ನಮ್ಮ ಜಮಾತಿಂದು."

ಹಿಂದೆ ಎಂದೋ ಒಂದು ಲಗ್ನಕ್ಕೆ ಎರಡೂ ಕಡೆಯಿಂದ ಭಾಂಡೆ ತಂದಿದ್ದಾರೆ, ತಿರುಗಿ ಒಯ್ಯುವಾಗ ಕೈ ತಪ್ಪಿದೆ. ಎರಡು ತಲೆಮಾರು ಗಣಪತಿಯ ಗುಗ್ಗರಿ ಜಮಾತಿನ ಭಗೋಣಿಯಲ್ಲಿ ಕುದಿದಿದೆ, ಸುರಕುಂಬಾ ಮಂಡಳಿಯ ಪರಾತದಲ್ಲಿ ಹಂಚಿಹೋಗಿದೆ. ಒಬ್ಬರಿಗೂ ಹೊಟ್ಟೆ ನೋವು ಬಂದದ್ದು ನಾನು ಕೇಳಿಲ್ಲ.

ಅಕ್ಕೋರು ಹಿಗ್ಗಿ ಹೋದರು. "ಮೂರನೇ ಪ್ರಶ್ನೆ. ಅವರು ನಿಮಗ ಏನಾಗಬೇಕು?"

ಹುಡುಗ ಭಗೋಣಿಯನ್ನು ಒಮ್ಮೆ, ಹುಡುಗಿಯನ್ನು ಒಮ್ಮೆ ನೋಡಿದ. "ಏನಾಗಬೇಕೋ ಗೊತ್ತಿಲ್ರಿ. ಆದ್ರ ಈಗ ಭಗೋಣಿ ಕೇಳೂದಿಲ್ಲ ಅಂದ್ರ ಏನ್ ಬೇಕಾದ್ರೂ ಆಗಲ್ರಿ."

೪. ಹನ್ನೊಂದು ವರ್ಷದ ಚರಗಿ

ಇಲ್ಲಿ ನಮ್ಮ ಕಡೆಯ ಒಂದು ರೂಢಿ ಹೇಳಬೇಕು. ಬೇರೆಯವರ ಮನೆಯ ಭಾಂಡೆಯನ್ನು ಖಾಲಿ ತಿರುಗಿ ಕೊಡುವುದಿಲ್ಲ. ಒಳಗೆ ಏನಾದರೂ ಇರಬೇಕು. ಅದೂ ಒಂದಿಷ್ಟು ಚಲೋದು. ಹೋಳಿಗೆ ಮಾಡಿದಾಗ ಕೊಡೋಣ ಅಂತ ಇಡುತ್ತಾರೆ. ಹೋಳಿಗೆ ಮಾಡಿದ ದಿನ ಬೀಗರು ಬಂದು ತಿಂದುಬಿಡುತ್ತಾರೆ. ಉಂಡಿ ಕಟ್ಟಿದಾಗ ನೋಡೋಣ ಅನ್ನುತ್ತಾರೆ. ಹೀಗೆ ಮರ್ಯಾದೆಯ ಸಲುವಾಗಿಯೇ ಭಾಂಡೆ ವರ್ಷಗಟ್ಟಲೆ ಉಳಿಯುತ್ತದೆ. ಕದ್ದದ್ದಲ್ಲ, ತಡವಾದದ್ದು.

ಈಗ ಆ ತಡವಾದವೆಲ್ಲ ಒಂದೇ ದಿನ ಶಾಲೆಯ ಕಿಟಕಿಯಲ್ಲಿ ಸಾಲಾಗಿ ಕೂತಿದ್ದವು. ಹುಡುಗರು ಮನೆಗೆ ಹೋಗಿ ವರದಿ ಕೊಡದೆ ಇರುತ್ತಾರೆಯೇ. ಸೋಮವಾರ ಮುಂಜಾನೆ ಮೊದಲ ಹೆಣ್ಣುಮಗಳು ಗೇಟಿನೊಳಗೆ ಬಂದಳು. ತಲೆಗೆ ಅರ್ಧ ಎಣ್ಣೆ ಹಚ್ಚಿ ಅರ್ಧ ಬಿಟ್ಟು ಬಂದಿದ್ದಳು.

ಹೆಡ್ ಮಾಸ್ತರು ಕಾದೇ ಇದ್ದರು. "ಅಕ್ಕೋರ, ಒಂದು."

"ಜಗಳಕ್ಕ ಬಂದಿಲ್ರಿ ಸರ್, ನೋಡಾಕ ಬಂದಾರ."

ಒಳಗಿನಿಂದ ದನಿ ಕೇಳಿತು. "ಹನ್ನೊಂದು ವರ್ಷ. ಹನ್ನೊಂದು ವರ್ಷ ಈ ಚರಗಿ ಸಲುವಾಗಿ ನನ್ನ ಅತ್ತಿ ಕೈಲೆ ಮಾತು ಕೇಳೇನಿ."

ಅಷ್ಟರಲ್ಲಿ ಚರಗಿ ಇಟ್ಟುಕೊಂಡವಳೂ ಬಂದಳು. "ನಾ ಏನ್ ಮುಚ್ಚಿ ಇಟ್ಟಿದ್ನೇನು? ದಿನಾ ನಮ್ಮ ಕಟ್ಟಿ ಮ್ಯಾಲ ಕುಂತು ಅದರಾಗನ ನೀರು ಕುಡದು ಹೋಗತಿದ್ದಿಲ್ಲ ನೀನು?"

"ಕುಡದೇನಿ. ಹೆಸರು ತೆಳಗ ಇತ್ತು, ನೀರು ಮ್ಯಾಲ ಇತ್ತು."

ಹತ್ತು ಗಂಟೆಗೆ ಇಪ್ಪತ್ತಾರು ಮಂದಿ ಆದರು. ಹೆಡ್ ಮಾಸ್ತರು ಗಣಿತದ ಪುಸ್ತಕ ಹಿಡಿದುಕೊಂಡೇ ಹೊರಗೆ ಬಂದರು. "ಇದು ಜಗಳ ಅಲ್ಲಂದ್ರ ಮತ್ತೇನ್ರಿ ಅಧ್ಯಕ್ಷರ?"

ವ್ಯಾಪಾರದವನಿಗೆ ಒಂದು ಗೊತ್ತಿರುತ್ತದೆ: ಮಾಲು ಬದಲಾಯಿಸಲು ಆಗದಿದ್ದರೆ ಬೋರ್ಡು ಬದಲಾಯಿಸಬೇಕು. ಆ ಶಾಲೆಯಲ್ಲಿ ತಾಯಂದಿರ ಸಭೆ ಅಂತ ಒಂದು ದಪ್ಪ ಪುಸ್ತಕವಿದೆ. ಇಲಾಖೆಯವರು ಬಂದಾಗ ತೋರಿಸಬೇಕಾದದ್ದು. ಪ್ರತಿ ಸಲ ಅಡುಗೆಯ ಇಬ್ಬರು ಹೆಣ್ಣುಮಕ್ಕಳ ಸಹಿ ಬಿಟ್ಟರೆ ಅದರಲ್ಲಿ ಏನೂ ಇರುತ್ತಿರಲಿಲ್ಲ. ಅದನ್ನು ತರಿಸಿದೆ.

"ಸರ್, ಇಪ್ಪತ್ತಾರು ತಾಯಂದಿರು ಕರಿಯದ ಬಂದಾರ. ಸಾಲಿ ಚಾಲೂ ಆದಾಗಿಂದ ಇಷ್ಟು ಮಂದಿ ಬಂದಿಲ್ಲ. ಜಗಳ ಅಂತ ಬರದ್ರ ನಿಮ್ಮನ್ನ ಕೇಳತಾರ, ಸಭಾ ಅಂತ ಬರದ್ರ ನಿಮಗ ಶಭಾಷ್ ಅಂತಾರ. ಯಾವುದು ಬರೀಲಿ?"

ಹೆಡ್ ಮಾಸ್ತರು ಪೆನ್ನು ತೆಗೆದರು. ಚರಗಿಯ ಎರಡೂ ಕಡೆಯವರು ಒಬ್ಬರ ಕೆಳಗೆ ಒಬ್ಬರು ಸಹಿ ಮಾಡಿದರು. ಸಹಿ ಮಾಡುವಾಗಲೂ ಚರಗಿಯನ್ನು ಮಾತ್ರ ಇಬ್ಬರೂ ಒಂದೊಂದು ಕೈಯಲ್ಲಿ ಹಿಡಿದುಕೊಂಡೇ ಇದ್ದರು.

ಆದರೆ ಹೆಡ್ ಮಾಸ್ತರು ಅಷ್ಟಕ್ಕೇ ಬಿಡುವವರಲ್ಲ. "ಹದಿನೈದು ದಿನ ಕೊಡತೇನಿ. ಎಲ್ಲಾರ ಭಾಂಡೆ ಎಲ್ಲಾರ ಮನಿಗೆ ಮುಟ್ಟಬೇಕು. ಆಮ್ಯಾಲ ಒಬ್ಬಾಕಿ ಬಂದ್ರೂ ತಾಸು ನಂದು. ಈ ಸಲ ಪುಸ್ತಕ ತರಸಬ್ಯಾಡ್ರಿ."

೫. ಹೆಸರಿಲ್ಲದ ಮನೆ

ತರಗತಿಯಲ್ಲಿ ಒಬ್ಬ ಹುಡುಗಿ ಭಾಂಡೆಯನ್ನೂ ತಂದಿರಲಿಲ್ಲ, ತಾನೂ ಬಂದಿರಲಿಲ್ಲ. ಅವಳ ಅವ್ವ ನನ್ನ ಗಿರಾಕಿ. ಬುಟ್ಟಿ ಹೊತ್ತು ಓಣಿ ಓಣಿ ತಿರುಗಿ ಹಳೆಯ ಬಟ್ಟೆ ತಗೊಂಡು ಭಾಂಡೆ ಕೊಡುವ ವ್ಯಾಪಾರ. ಸೊಲ್ಲಾಪುರದ ಕಡೆಯಿಂದ ಬಂದು ಮೂರು ವರ್ಷವಾಗಿದೆ. ಬೆಂಚಿನವರು "ನಿಮ್ಮ ಮನ್ಯಾಗ ಒಂದೂ ಹೆಸರಿಲ್ಲಂದ್ರ ನೀವು ಯಾ ಊರವರು?" ಅಂತ ಕೇಳಿದ್ದರಂತೆ. ಅವಳಿಗೆ ಅದು ನಾಟಿತ್ತು. ಶನಿವಾರ ಶಾಲೆಯೇ ಬೇಡ ಅಂದಳಂತೆ.

ಅವ್ವನ ಸಂಗಡ ಅಂಗಡಿಗೆ ಬಂದಾಗ ಕೇಳಿದೆ.

"ಹೆಸರು ಹಾಕಿದ್ರ ಮಾರಾಕ ಬರೂದಿಲ್ಲ ಅಂತ ನೀವ ನಮ್ಮವ್ವಗ ಹೇಳಿದ್ರಿ ಕಾಕಾ," ಎಂದಳು ಹುಡುಗಿ. "ಹಂಗಾಗಿ ನಮ್ಮನ್ಯಾಗ ಎಲ್ಲಾ ಬೋಳು."

ಹೇಳಿದ್ದು ಹೌದು, ವ್ಯಾಪಾರದ ಮಾತು ಹೇಳಿದ್ದೆ. ಸಮಾಧಾನ ಮಾಡುವುದು ನನಗೆ ಬರುವುದಿಲ್ಲ. ಕೆಲಸ ಹೇಳುವುದು ಬರುತ್ತದೆ. "ಹನ್ನೆರಡು ಭಾಂಡೆ ಯಾರದು ಅಂತ ಗೊತ್ತಾಗವಲ್ದು. ಹದಿನೈದು ದಿನದಾಗ ಮುಟ್ಟಸದಿದ್ರ ಅಕ್ಕೋರ ತಾಸು ಹೋಗತೈತಿ. ಸಾಲಿ ಸೂಟಿಯಾಗ ನೀ ಅವ್ವನ ಕೂಡ ನಾಲ್ಕೂ ತಾಲ್ಲೂಕಾ ತಿರಗೀದಿ. ಬಾ, ನೋಡಿ ಹೇಳು."

ಶನಿವಾರ ಬಂದಳು. 'ಗಂಗವ್ವ, ಹಾನಗಲ್ಲ' ಅಂತ ಇದ್ದ ಕೊಡ ತೋರಿಸಿದೆವು. ಹಾನಗಲ್ಲಿನಲ್ಲಿ ಗಂಗವ್ವಂದಿರು ಓಣಿಗೆ ನಾಲ್ಕು ಮಂದಿ. ಅಲ್ಲಿಂದಲೇ ಬರುವ ಅಕ್ಕೋರೂ ಕೈ ಚೆಲ್ಲಿದ್ದರು. ಹುಡುಗಿ ಕೊಡ ತಿರುಗಿಸಿ, ತಳದ ಬೆಸುಗೆ ನೋಡಿದಳು.

"ಈ ಗಂಗವ್ವ ಈಗಿಲ್ರಿ. ಸೊಸಿ ಶಿಗ್ಗಾಂವಿ ಬಸ್‌ಸ್ಟ್ಯಾಂಡ ಹಿಂದ ಇರತಾಳ. ಇದರ ಜೋಡಿ ಕೊಡ ಅವರ ಹಿತ್ತಲದಾಗ ಐತಿ, ಅದಕ್ಕೂ ಹಿಂಗ ಬೆಸಿಗಿ. ಒಂದು ಹರಕ ಪ್ಯಾಂಟಿಗೆ ಕುಕ್ಕರ ಕೇಳತಾಳ ಆಕಿ."

ಒಂದೊಂದಾಗಿ ಹನ್ನೆರಡಕ್ಕೂ ಮನೆ ಹೇಳಿದಳು, ಪ್ರತಿ ಮನೆಯ ಚೌಕಾಸಿಯ ಸಮೇತ. ತರಗತಿ ಬಾಯಿ ತೆರೆದುಕೊಂಡು ಕೇಳಿತು. ನೀವು ಯಾ ಊರವರು ಅಂದವನೇ ಮುಂದೆ ಬಂದು "ನಮ್ಮ ಮನಿ ಗೊತ್ತೈತೇನು?" ಎಂದ.

"ಗೊತ್ತೈತಿ. ನಿಮ್ಮಪ್ಪನ ಲಗ್ನದ ಸೂಟು ಕೊಟ್ಟು ನಿಮ್ಮವ್ವ ಇಡ್ಲಿ ಪಾತ್ರಿ ತಗೊಂಡಾಳ. ನಿಮ್ಮಪ್ಪಗ ಗೊತ್ತಿಲ್ಲ."

ಸೋಮವಾರ ಅವನಪ್ಪ ಗೇಟಿನೊಳಗೆ ಬಂದ, ಜೋರಾಗಿಯೇ ಬಂದ. ಹೆಡ್ ಮಾಸ್ತರು ಎದ್ದು ನಿಂತರು. ಅಕ್ಕೋರು ಅವರಿಗೆ ಮೆಲ್ಲಗೆ ನೆನಪು ಮಾಡಿದರು: "ಸರ್, ನೀವು ಹೇಳಿದ್ದು ಹೆಣ್ಣುಮಗಳು ಅಂತ."

೬. ಒಯ್ದದ್ದು ಮೂವತ್ತೊಂದು, ತಂದದ್ದು ಮೂವತ್ತೊಂದು

ಹುಡುಗರು ಇಬ್ಬಿಬ್ಬರಾಗಿ ಭಾಂಡೆ ಮುಟ್ಟಿಸಲು ಹೊರಟರು. ದೂರದ ಊರಿನವುಗಳಿಗೆ ಅಕ್ಕೋರು ಬಸ್ಸಿನಲ್ಲಿ ಕರೆದುಕೊಂಡು ಹೋದರು. ನಿಯಮ ಒಂದೇ: ಖಾಲಿ ಒಯ್ಯಬಾರದು, ತಮ್ಮ ಮನೆಯಲ್ಲಿ ಮಾಡಿದ್ದನ್ನೇ ತುಂಬಿ ಒಯ್ಯಬೇಕು, ಅಲ್ಲಿ ಕೂತು ಮಾತಾಡಿ ಬರಬೇಕು. ಒಬ್ಬ ದೊಡ್ಡ ಕೊಡ ಮುಟ್ಟಿಸುವವನು ಖಾಲಿ ಬೇಡ ಅಂದರು ಅಂತ ನಳದಲ್ಲಿ ನೀರು ತುಂಬಿಸಿಕೊಂಡು ಹೋದ. ಬೇಸಿಗೆ ದಿನ, ಆ ಮನೆಯ ಓಣಿಗೆ ನಳದ ನೀರು ಬಂದು ವಾರವಾಗಿತ್ತು. ಆ ಮನೆಯವರು ಉಳಿದ ಎಲ್ಲರಿಗಿಂತ ಅವನನ್ನೇ ಹೊಗಳಿದರು.

ನಾವು ಲೆಕ್ಕಕ್ಕೆ ತೆಗೆದುಕೊಳ್ಳದೆ ಇದ್ದದ್ದು ಒಂದಿತ್ತು. ಮನೆಗೆ ತುಂಬಿದ ಭಾಂಡೆ ತಂದ ಮಕ್ಕಳನ್ನು ಬರಿಗೈಯಲ್ಲಿ ಕಳಿಸುವವರು ನಾಲ್ಕೂ ತಾಲ್ಲೂಕಿನಲ್ಲಿ ಯಾರಿದ್ದಾರೆ? ಲಂಬಾಣಿ ಹುಡುಗ ಒಯ್ದ ಬೋಗಾಣಿಯನ್ನು ಇಸಿದುಕೊಂಡ ಬಂಕಾಪುರದ ಅಜ್ಜಿ, ಅವನಿಗೆ ಶೇಂಗಾ ಉಂಡಿ ಕೊಟ್ಟಳು. ಕೊಡಲು ಒಂದು ಡಬ್ಬಿ ಬೇಕಲ್ಲ, ತನ್ನ ಹೆಸರಿನ ಡಬ್ಬಿಯಲ್ಲೇ ಕೊಟ್ಟಳು. ಎಲ್ಲರದೂ ಹಾಗೆಯೇ. ಒಯ್ದದ್ದು ಮೂವತ್ತೊಂದು ಭಾಂಡೆ. ಮುಟ್ಟಿಸಿ ತಂದದ್ದೂ ಮೂವತ್ತೊಂದು. ಹೆಸರು ಬೇರೆ, ಮನೆ ಬೇರೆ, ಸಂಖ್ಯೆ ಮಾತ್ರ ಅದೇ.

"ಇವನ್ನೂ ತಿರುಗಿ ಮುಟ್ಟಸಬೇಕಲ್ರಿ," ಎಂದೆ.

"ಮುಟ್ಟಸೂಣ," ಎಂದರು ಅಕ್ಕೋರು. "ತುಂಬಿಸಿ."

ಬುಟ್ಟಿ ಹೊರುವ ಹೆಣ್ಣುಮಗಳು ನನ್ನ ಅಂಗಡಿಗೆ ಬಂದಳು. ಮಗಳ ಸಲುವಾಗಿ ಯಾರದೋ ಮನೆಯಿಂದ ಗಂಗಾಳದ ತುಂಬ ಸಿಹಿ ಮಾದಲಿ ಬಂದಿತ್ತು. ಗಂಗಾಳದ ಮೇಲೆ ಗಟ್ಟಿಯಾಗಿ ಹೆಸರು.

"ಸಾವಕಾರ್ರ, ಹೆಸರಿದ್ದದ್ದು ಮಾರಾಕ ಬರೂದಿಲ್ಲ. ಏನ್ ಮಾಡ್ಲಿ?"

"ಮಾರಬ್ಯಾಡ. ತಿರುಗಿ ಕೊಡಾಕ ಅವಸರಾನೂ ಮಾಡಬ್ಯಾಡ. ಹೋಳಿಗಿ ಮಾಡಿದಾಗ ಕೊಡತೇನಿ ಅಂತ ಇಟ್ಟುಕೋ."

"ಮತ್ತ ತಡ ಆಗತೈತಲ್ರಿ?"

"ಊರವರೆಲ್ಲಾ ಹಂಗ ಮಾಡತಾರ. ಇನ್ನ ನೀವೂ ಊರವರ."

೭. ಹೆಡ್ ಮಾಸ್ತರ ತಂಬಿಗೆ

ಹದಿನೈದು ದಿನ ಮುಗಿದ ಶನಿವಾರ ಹೆಡ್ ಮಾಸ್ತರು ಕೊನೆಯ ತಾಸಿಗೆ ತಾವೇ ಬಂದರು. ಒಂದು ಕೈಯಲ್ಲಿ ಗಣಿತದ ಪುಸ್ತಕ, ಒಂದು ಕೈಯಲ್ಲಿ ತಮ್ಮ ಹಿತ್ತಾಳೆ ತಂಬಿಗೆ. ಕಿಟಕಿಯಲ್ಲಿ ಹೊಸ ಮೂವತ್ತೊಂದು ಭಾಂಡೆ ನೋಡಿದರು.

"ಮುಗೀತ್ರಿ ಅಕ್ಕೋರ. ಇವುಕೂ ತಾಯಂದಿರು ಬರತಾರ. ಅದಕ್ಕಿಂತ ಮೊದಲ ತಾಸು ನನಗ ಕೊಡ್ರಿ."

ಅಕ್ಕೋರು ಕುರ್ಚಿ ಬಿಟ್ಟು ಏಳಲಿಲ್ಲ. ಹೆಡ್ ಮಾಸ್ತರು ಪಾಠ ಶುರು ಮಾಡುವ ಮೊದಲು ಗಂಟಲು ನೆನೆಸಿಕೊಳ್ಳಲು ತಂಬಿಗೆ ಎತ್ತಿದರು. ಎಂಜಲು ಮಾಡುವವರಲ್ಲ, ತಲೆ ಹಿಂದಕ್ಕೆ ಹಾಕಿ, ತಂಬಿಗೆಯನ್ನು ಮೇಲೆತ್ತಿ, ಧಾರೆಯಾಗಿ ಕುಡಿಯುವವರು. ತಂಬಿಗೆಯ ತಳ ನೇರ ತರಗತಿಯ ಕಡೆ ತಿರುಗಿತು. ಇಪ್ಪತ್ತು ದಿನದಿಂದ ಭಾಂಡೆಯ ತಳ ಓದುವುದನ್ನೇ ಕಲಿತ ನಲವತ್ತು ಹುಡುಗರು, ಪಾಠ ಹೇಳಿದಂತೆ ಒಂದೇ ದನಿಯಲ್ಲಿ ಓದಿದರು. ಅದು ಹಿರೇಕೆರೂರ ತಾಲ್ಲೂಕಿನ ಒಂದು ಹಳ್ಳಿ ಶಾಲೆಯ ಹೆಸರು.

ನೀರು ನೆತ್ತಿಗೆ ಹತ್ತಿತು. ಕೆಮ್ಮು ನಿಂತ ಮೇಲೆ ಹೇಳಿದರು, "ಇದು ನಂದು. ಹದಿನಾಲ್ಕು ವರ್ಷದಿಂದ ನನ್ನ ಟೇಬಲ್ ಮ್ಯಾಲ ಐತಿ."

"ಎಲ್ಲಾರೂ ಹಂಗ ಅಂದಾರ್ರಿ ಸರ್," ಎಂದಳು ಬುಟ್ಟಿಯವಳ ಮಗಳು.

ಅವರು ಮೊದಲು ಅಲ್ಲೇ ಮಾಸ್ತರಾಗಿದ್ದರು. ವರ್ಗವಾದಾಗ ಟ್ರಂಕಿನೊಳಗೆ ಬಂದಿರಬೇಕು. ಜವಾನನ ಕೈಯಲ್ಲಿ ಕಳಿಸುತ್ತೇನೆ ಎಂದರು. ನಲವತ್ತೂ ಹುಡುಗರು ತಲೆ ಅಲ್ಲಾಡಿಸಿದರು: ತಾವೇ ಒಯ್ಯಬೇಕು, ತುಂಬಿ ಒಯ್ಯಬೇಕು, ಕೂತು ಮಾತಾಡಿ ಬರಬೇಕು.

ರವಿವಾರ ಬೆಲ್ಲ ತುಂಬಿಕೊಂಡು ಹೋದರು. ಅಲ್ಲಿ ಹಿಂದೆ ಶಾಲೆಯ ಅಡುಗೆ ಮಾಡುತ್ತಿದ್ದ ಶಾಂತವ್ವ ಎಂಬಾಕೆ, ಈಗ ಎಪ್ಪತ್ತರ ಮೇಲಿನ ಮುದುಕಿ, ಗುರುತು ಹಿಡಿದು ಉಣ್ಣಿಸಿ, ಬೋಗಾಣಿಯ ತುಂಬ ಕರಚಿಕಾಯಿ ಕೊಟ್ಟು ಕಳಿಸಿದಳು. ಬೋಗಾಣಿಯ ಮೇಲೆ ಅವಳ ಹೆಸರು, ಚಂದದ ಅಕ್ಷರದಲ್ಲಿ. ಹೆಡ್ ಮಾಸ್ತರು ಅದನ್ನು ಮನೆಗೆ ಒಯ್ದು, ಅಡುಗೆಮನೆಯಲ್ಲಿಟ್ಟು, ಏನೂ ಹೇಳದೆ ಮಲಗಿದರು. ಗಣಿತದವರು ಹೀಗೆ ಲೆಕ್ಕ ತಪ್ಪಬಾರದಿತ್ತು.

ಸೋಮವಾರ ಪ್ರಾರ್ಥನೆ ಮುಗಿದಿತ್ತು. ಒಬ್ಬ ಹೆಣ್ಣುಮಗಳು ಜಗಳಕ್ಕೆಂದೇ ಗೇಟಿನೊಳಗೆ ಬಂದಳು. ಕೈಯಲ್ಲಿ ಬೋಗಾಣಿ. ಹೆಡ್ ಮಾಸ್ತರ ಹೆಂಡತಿ.

"ಯಾರೀಕಿ ಶಾಂತವ್ವ?"

"ಎಪ್ಪತ್ತು ವರ್ಷದ ಮುದುಕಿ ಮಾರಾಯ್ತಿ."

"ಎಲ್ಲಾರೂ ಹಂಗ ಹೇಳತಾರ. ರವಿವಾರ ಸಾಲಿ ಕೆಲಸ ಐತಿ ಅಂತ ಹೇಳಿ ಹೋದ್ರಿ. ಕರಚಿಕಾಯಿ ತರೂದು ಯಾವ ಸಾಲಿ ಕೆಲಸ?"

ಹೆಡ್ ಮಾಸ್ತರು ಅಕ್ಕೋರ ಕಡೆ ನೋಡಿದರು. ಅಕ್ಕೋರು ಕಿಟಕಿಯ ಕಡೆ ನೋಡಿದರು. ನಾನು ಸೀಲಿಂಗ್ ಫ್ಯಾನಿನ ಕಡೆ ನೋಡಿದೆ.

"ಇದು ಸಾಲಿ ಕೆಲಸನ," ಎಂದರು ಹೆಡ್ ಮಾಸ್ತರು. "ಶನಿವಾರದ ತಾಸಿಂದು. ಎಂಟನೇತ್ತದ್ದು."

"ಹಂಗೊಂದು ತಾಸು ಐತಿ ಅಂತ ನಾ ಹೆಂಗ ನಂಬಲಿ? ಗಣಿತದ ತಾಸು ಅಂತ ನೀವ ಹೇಳತಿದ್ರಿ."

"ಐತಿ. ಕಾಯಂ ಐತಿ."

"ಬರದು ಕೊಡ್ರಿ."

ಹೆಡ್ ಮಾಸ್ತರು ಶಾಲೆಯ ಹಾಳೆ ತೆಗೆದು, ಶನಿವಾರದ ಕೊನೆಯ ತಾಸು ಅಕ್ಕೋರದೇ, ಅದು ಎಂದೂ ಬೇರೆ ವಿಷಯಕ್ಕೆ ಹೋಗತಕ್ಕದ್ದಲ್ಲ, ಭಾಂಡೆ ಮುಟ್ಟಿಸುವುದು ಶಾಲೆಯ ಅಧಿಕೃತ ಕೆಲಸ ಎಂದು ಬರೆದು, ಸಹಿ ಮಾಡಿ, ಗುಂಡು ಶಿಕ್ಕಾ ಹೊಡೆದರು. ಹೆಂಡತಿ ಎರಡು ಸಲ ಓದಿದರು. ಅಕ್ಕೋರು ಇನ್ನೊಂದು ಪ್ರತಿ ಕೇಳಿ ಇಸಿದುಕೊಂಡರು.

"ಆತು," ಎಂದರು ಹೆಂಡತಿ, ಬೋಗಾಣಿಯನ್ನು ಕಂಕುಳಿಗೆ ಏರಿಸಿಕೊಂಡು. "ಇದನ್ನ ನಾನ ಮುಟ್ಟಸತೇನಿ. ಬಸ್ ಎಷ್ಟು ಗಂಟೆಕ್ಕೈತಿ?"

ಅಕ್ಕೋರಿಗೆ ತಮ್ಮ ನಿಯಮ ಬಿಡಲಾಗಲಿಲ್ಲ. "ಖಾಲಿ ಒಯ್ಯಾಕ ಬರೂದಿಲ್ಲ ನೋಡ್ರಿ ಅಕ್ಕಾ. ಅದರಾಗ ಏನ್ ತುಂಬಿಕೊಂಡು ಹೋಗತೀರಿ?"

"ಅದನ್ನ," ಎಂದರು ಅವರು, "ಆಕಿ ವಯಸ್ಸು ನೋಡಿದ ಮ್ಯಾಲ ಹೇಳತೇನಿ."